ತಗ್ಗು ಹುಡುಕುವ ಮಾಸ್ತರು

ಮೊನ್ನೆ ಮೊನ್ನೆಯವರೆಗೂ ನನ್ನ ಗಂಡನ ಹೆಸರನ್ನು ನಾನು ಬಾಯಿಬಿಟ್ಟು ಹೇಳಿದ್ದು ಒಂದೇ ಸಲ, ಮದುವೆಯ ದಿನ. ಅದೂ ಒಡಪಿನಲ್ಲಿ. ನಮ್ಮ ಕಡೆ ಹೊಸ ಸೊಸೆಯನ್ನು ಹೊಸ್ತಿಲಲ್ಲಿ ತಡೆದು ನಿಲ್ಲಿಸುತ್ತಾರೆ. ಗಂಡನ ಹೆಸರನ್ನು ಪ್ರಾಸದ ಸಾಲಿನಲ್ಲಿ ಸೇರಿಸಿ ಹೇಳಿದರೆ ಮಾತ್ರ ಒಳಗೆ ಬಿಡುತ್ತಾರೆ. ನಾನು ಚಿಕ್ಕಮ್ಮನ ಒಡಪನ್ನೇ ಎರವಲು ತಂದು, ಚಿಕ್ಕಪ್ಪನ ಹೆಸರು ತೆಗೆದು ಆ ಜಾಗದಲ್ಲಿ ಇವರ ಹೆಸರು ತುರುಕಿದೆ. ಪ್ರಾಸ ಮುರಿದು ಬಿತ್ತು. ಅಂಗಳದ ತುಂಬ ಹೆಂಗಸರು ನಕ್ಕರು. ಆ ನಗುವನ್ನು ನಾನು ಮರೆತೆ, ಇವರು ಮರೆತಿಲ್ಲ.

ಆಮೇಲೆ ಅತ್ತೆ ಭೀಮವ್ವನವರು ಕಟ್ಟಪ್ಪಣೆ ಮಾಡಿದರು. "ಗಂಡನ ಹೆಸರು ಸುಮ್ಮಸುಮ್ಮನ ಅನ್ನಬಾರದು ನೋಡು ಲಲಿತಾ. ಅವನ ಆಯುಷ್ಯ ಕಡಿಮಿ ಆಗ್ತದ." ನಾನು ಬಿ.ಎ. ಓದಿದವಳು, ಇದನ್ನೆಲ್ಲ ನಂಬುವುದಿಲ್ಲ. ಆದರೆ ನಾಲಿಗೆ ಬಿ.ಎ. ಓದಿಲ್ಲವಲ್ಲ. ರೇಷನ್ ಅಂಗಡಿಯಲ್ಲಿ ಯಜಮಾನರ ಹೆಸರು ಕೇಳಿದರೆ ಇವತ್ತಿಗೂ ಪಕ್ಕದವರ ಮುಖ ನೋಡುತ್ತೇನೆ. ಇಲ್ಲಿ ಬರೆಯಲೂ ಕೈ ಏಳುತ್ತಿಲ್ಲ. ಸದ್ಯಕ್ಕೆ ಇವರು ಎಂದರೆ ಇವರು ಎಂದೇ ತಿಳಿದುಕೊಳ್ಳಿ.

ಇವರು ಮಾನ್ವಿ ಹತ್ತಿರದ ಒಂದು ಸರಕಾರಿ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರು. ಹುಟ್ಟಿದ್ದು ದೇವದುರ್ಗದ ಕಡೆ, ಕುರಿ ಕಾಯುವವರ ಮನೆಯಲ್ಲಿ. "ನಮ್ಮ ಮುತ್ತ್ಯಾ ಚುಕ್ಕಿ ನೋಡಿ ಹೊತ್ತು ಹೇಳ್ತಿದ್ದ. ನಮ್ಮ ರಕ್ತದಾಗೇ ಅದ ಅದು," ಎಂದು ಬಂದವರಿಗೆಲ್ಲ ಹೇಳುತ್ತಾರೆ. ಅತ್ತೆ ಹೇಳುವ ಕಥೆ ಬೇರೆ. "ಇವಂಗ ಕುರಿ ಕಾಯಾಕ ಕಳಿಸಿದ್ರ ಮುಗಿಲು ನೋಡ್ಕೋತ ನಿಂದರತಿದ್ದ. ಒಂದಿನ ಮರಿ ಕಳಕೊಂಡು ಬಂದ. ಇನ್ನ ಇವ ಕುರಿಗೆ ಆಗಂಗಿಲ್ಲ ಅಂತ ಸಾಲಿಗೆ ಹಾಕಿದ್ವಿ." ಹೀಗೆ ಒಂದು ಮರಿಯ ಪುಣ್ಯದಿಂದ ಇವರು ಮಾಸ್ತರಾದರು.

ಇವರಿಗೆ ಒಂದೇ ಒಂದು ಆಸೆ. ತಮ್ಮ ಹೆಸರು ಎಲ್ಲಾದರೂ ಸರಿಯಾಗಿ ಅಚ್ಚಾಗಬೇಕು. ಇದು ದೊಡ್ಡ ಆಸೆಯೇನಲ್ಲ, ಆದರೆ ಇವರ ಹಣೆಯಲ್ಲಿ ಬರೆದಿರಲಿಲ್ಲ. ಶಾಲೆಯ ಹುಡುಗಿಯರು ವಿಜ್ಞಾನ ಮೇಳದಲ್ಲಿ ಗೆದ್ದಾಗ ಪತ್ರಿಕೆಯಲ್ಲಿ ಫೋಟೋ ಬಂತು. ಹುಡುಗಿಯರ ಹೆಸರು, ಮುಖ್ಯ ಅತಿಥಿಗಳ ಹೆಸರು, ಅತಿಥಿಗಳ ಪಕ್ಕದಲ್ಲಿ ನಿಂತವರ ಹೆಸರು ಎಲ್ಲ ಇತ್ತು. ಇವರ ಬಗ್ಗೆ "ಶಾಲೆಯ ಶಿಕ್ಷಕರು ಚಿತ್ರದಲ್ಲಿದ್ದಾರೆ" ಎಂದು ಹಾಕಿದ್ದರು. ಶಾಲೆಯಲ್ಲಿ ಎಲ್ಲರಿಗೂ ಇವರು ಸರ್, ಊರಿಗೆ ಮಾಸ್ತರು, ನನಗೆ "ರೀ". ತಾಯಿಯೂ ಇವರನ್ನು "ತಮ್ಮಾ" ಎಂದೇ ಕರೆಯುತ್ತಾರೆ. ಒಟ್ಟಿನಲ್ಲಿ ಆ ಹೆಸರು ಇಟ್ಟ ದಿನದಿಂದ ಡಬ್ಬಿಯಲ್ಲೇ ಉಳಿದ ಜರಿ ಸೀರೆಯಂತೆ ಆಗಿತ್ತು.

ಕಳೆದ ವರ್ಷ ದಸರಾ ರಜೆಯಲ್ಲಿ ರಾಯಚೂರಿಗೆ ಹೋಗಿ ಒಂದು ಹಳೆಯ ಲ್ಯಾಪ್‌ಟಾಪ್ ತಂದರು. ನನ್ನ ಹೊಲಿಗೆ ಯಂತ್ರದ ಪಕ್ಕದ ಮೇಜಿನ ಮೇಲೆ ಅದನ್ನು ಪ್ರತಿಷ್ಠಾಪನೆ ಮಾಡಿದರು. ಅಮೆರಿಕದವರು ಆಕಾಶಕ್ಕೆ ಒಂದು ದೂರದರ್ಶಕ ಬಿಟ್ಟಿದ್ದಾರಂತೆ. ಅದು ಆಕಾಶದ ಒಂದೊಂದು ತುಂಡನ್ನು ಹತ್ತಿರಹತ್ತಿರ ಒಂದು ತಿಂಗಳು ಎವೆಯಿಕ್ಕದೆ ನೋಡುತ್ತದೆ, ಅಲ್ಲಿರುವ ನಕ್ಷತ್ರಗಳ ಬೆಳಕನ್ನು ಅಳೆದು ಕೆಳಗೆ ಕಳಿಸುತ್ತದೆ. ಆ ಮಾಹಿತಿ ಯಾರು ಬೇಕಾದರೂ ನೋಡಬಹುದು. ನಕ್ಷತ್ರದ ಮುಂದೆ ಅದರದೇ ಗ್ರಹವೊಂದು ಹಾದುಹೋದರೆ ಬೆಳಕು ತುಸು ಕುಗ್ಗುತ್ತದೆ. ಬೆಳಕಿನ ಗೆರೆಯಲ್ಲಿ ಒಂದು ತಗ್ಗು ಬೀಳುತ್ತದೆ. ಇಂಥ ತಗ್ಗುಗಳನ್ನು ಯಂತ್ರಗಳು ಹುಡುಕುತ್ತವೆ, ಕೆಲವನ್ನು ಬಿಟ್ಟೂ ಬಿಡುತ್ತವೆ. ಬಿಟ್ಟುಹೋದದ್ದನ್ನು ಕಣ್ಣಿನಿಂದ ಹೆಕ್ಕಿಕೊಡಿ ಎಂದು ಸಂಶೋಧಕರು ಜಗತ್ತಿನ ಜನರನ್ನೆಲ್ಲ ಕೇಳಿಕೊಂಡಿದ್ದಾರೆ. ಸಂಬಳವಿಲ್ಲ. ಆದರೆ ನಿಜಕ್ಕೂ ಗ್ರಹ ಸಿಕ್ಕರೆ, ಸಂಶೋಧನಾ ಪ್ರಬಂಧದಲ್ಲಿ ಅದನ್ನು ಗುರುತಿಸಿದವರ ಹೆಸರೂ ಅಚ್ಚಾಗುತ್ತದೆ.

ಆ ಕೊನೆಯ ಮಾತೇ ಇವರನ್ನು ಹಿಡಿದು ಕೂರಿಸಿತು. ಶಾಲೆಯಿಂದ ಬಂದು ಚಹಾ ಕುಡಿದು ಕುಳಿತರೆ ನಾನು ರೊಟ್ಟಿಗೆ ಕರೆಯುವವರೆಗೂ ಏಳುತ್ತಿರಲಿಲ್ಲ. ನಾನು ರವಿಕೆಗೆ ಕಾಜ ಮಾಡುತ್ತಿದ್ದೆ, ಇವರು ತಗ್ಗು ನೋಡುತ್ತಿದ್ದರು. ಒಮ್ಮೊಮ್ಮೆ "ಸಿಕ್ತು" ಎನ್ನುತ್ತಿದ್ದರು. ಮರುಕ್ಷಣವೇ "ಇಲ್ಲ, ಗದ್ದಲ ಅದು" ಎನ್ನುತ್ತಿದ್ದರು. ಯಂತ್ರದ ಅಳತೆಯಲ್ಲಿ ಏನೋ ಏರುಪೇರಾಗಿ ಮೂಡುವ ಸುಳ್ಳು ಗುರುತಿಗೆ ಇವರ ಭಾಷೆಯಲ್ಲಿ ಗದ್ದಲ ಎನ್ನುತ್ತಾರೆ. "ಒಮ್ಮಿ ಬಂದದ್ದು ಗದ್ದಲ ಇರಬಹುದು. ಎರಡನೇ ಸಲ ಬಂದ್ರನ ಖರೆ." ಈ ಸೂತ್ರವನ್ನು ಮನೆಗೂ ಹಚ್ಚಿದರು. ಸಾರಿಗೆ ಉಪ್ಪು ಹೆಚ್ಚಾದರೆ, "ನಾಳಿನೂ ಹೆಚ್ಚಾದ್ರ ಹೇಳ್ತೀನಿ" ಎನ್ನುತ್ತಿದ್ದರು. ಗಂಡಂದಿರು ಇದಕ್ಕಿಂತ ಕೆಟ್ಟದ್ದನ್ನು ಕಲಿತು ಬರುತ್ತಾರೆ ಎಂದು ನಾನು ಸುಮ್ಮನಿದ್ದೆ.

ಎಡವಟ್ಟಾದದ್ದು ಚಹಾದ ಅಂಗಡಿಯಲ್ಲಿ. ಯಾರೋ, "ಏನ್ ಮಾಸ್ತರ, ಈಗೀಗ ಕಾಣವಲ್ರಿ?" ಎಂದು ಕೇಳಿದರು. ಇವರು, "ತಗ್ಗು ಹುಡುಕಾಕತ್ತೀನಿ. ಸಿಕ್ಕದ್ದನ್ನ ಗುರುತು ಮಾಡಿ ಮ್ಯಾಲಿನವ್ರಿಗೆ ಕಳಸ್ತೀನಿ," ಎಂದರು. ಮೇಲೆ ಎಂದರೆ ಇವರ ಮನಸ್ಸಿನಲ್ಲಿ ಆಕಾಶ, ಅಮೆರಿಕ. ಕೇಳಿದವರ ಮನಸ್ಸಿನಲ್ಲಿ ಜಿಲ್ಲಾ ಕಚೇರಿ. ನಮ್ಮಲ್ಲಿ ತಗ್ಗು ಎಂದರೆ ರಸ್ತೆಯದ್ದು, ಮತ್ತ್ಯಾವುದೂ ಅಲ್ಲ. ಮಾಸ್ತರಿಗೆ ಸರಕಾರ ತಗ್ಗಿನ ಗಣತಿ ಕೆಲಸ ಹಚ್ಚಿದೆ ಎಂದು ಸಂಜೆಯೊಳಗೆ ಊರು ನಂಬಿತು. ಜನಗಣತಿ, ದನದ ಗಣತಿ, ಚುನಾವಣೆ ಎಲ್ಲವನ್ನೂ ಮಾಸ್ತರ ತಲೆಗೇ ಕಟ್ಟುವಾಗ ಇದನ್ನೇಕೆ ನಂಬಬಾರದು?

ಮರುದಿನದಿಂದ ಮನೆಗೆ ಜನ. ಬಾಗಲವಾಡದ ಆದೆಮ್ಮ ರವಿಕೆ ಹೊಲಿಸಲು ಬಂದವಳು, ರವಿಕೆಯ ಅಳತೆ ಬಿಟ್ಟು ತನ್ನ ಮನೆ ಮುಂದಿನ ತಗ್ಗಿನ ಅಳತೆ ಕೊಟ್ಟಳು. "ಎಮ್ಮಿ ಕುಂತ್ರ ಕಾಣಂಗಿಲ್ರಿ. ಅಷ್ಟು ಅದ. ಮೊದಲನೇದ್ದು ನಂದೇ ಬರಕೊಳ್ರಿ." ಮಾನ್ವಿಯಿಂದ ರಾಯಚೂರಿಗೆ ಕ್ರೂಸರ್ ಗಾಡಿ ಓಡಿಸುವ ಇನಾಯತ್ ತನ್ನ ಮೊಬೈಲಿನಲ್ಲಿ ಇಪ್ಪತ್ತೋ ಮೂವತ್ತೋ ತಗ್ಗಿನ ಫೋಟೋ ಹಿಡಿದು ತಂದ. ಪ್ರತಿಯೊಂದಕ್ಕೂ ಅವನೇ ಹೆಸರಿಟ್ಟಿದ್ದ. ಒಂದು ಟೈರ್ ನುಂಗಿದ ತಗ್ಗು, ಒಂದು ಮಾವ ಬಿದ್ದ ತಗ್ಗು.

ಇನ್ನೊಬ್ಬರಾಗಿದ್ದರೆ "ಅದಲ್ಲಪ್ಪ" ಎಂದು ಕಳಿಸಿಬಿಡುತ್ತಿದ್ದರು. ಇವರು ಮಾಸ್ತರಲ್ಲವೇ, ಬಂದವರನ್ನೆಲ್ಲ ಲ್ಯಾಪ್‌ಟಾಪಿನ ಮುಂದೆ ಕೂರಿಸಿ ಪಾಠ ಮಾಡಿದರು. ಇನಾಯತ್ ಕೊನೆಯವರೆಗೂ ಕೂತು ಕೇಳಿ, "ಅಂದ್ರ ಸರ, ಮುಗಿಲಾಗೂ ತಗ್ಗು ಬಿದ್ದಾವು ಅಂದಂಗಾತು. ಅಲ್ಲಿ ರಿಪೇರಿ ಯಾರ ಕಡಿ?" ಎಂದ. ಜನ ದೂರು ಹೇಳಲು ಬಂದವರು ನಕ್ಷತ್ರದ ಸುದ್ದಿ ಹೊತ್ತು ಹೋದರು. ಇವರಿಗೆ "ತಗ್ಗಿನ ಮಾಸ್ತರು" ಎಂಬ ಹೆಸರು ಬಿತ್ತು. ಇದ್ದ ಹೆಸರನ್ನೇ ಯಾರೂ ಕರೆಯದಿರುವಾಗ ಇದೊಂದು ಹೊಸದು ಬಂದು ಕೂತಿತು ಎಂದು ಇವರು ಒಳಗೊಳಗೇ ನೊಂದುಕೊಂಡರು.

ಅಷ್ಟರಲ್ಲಿ ನಿಜವಾಗಿಯೂ ಒಂದು ಸಿಕ್ಕಿತು. ಹೆಸರಿಲ್ಲದ, ಬರೀ ನಂಬರು ಇರುವ ಒಂದು ನಕ್ಷತ್ರ. ಅದರ ಗೆರೆಯಲ್ಲಿ ತಗ್ಗು ಬಂತು, ಮತ್ತೆ ಬಂತು, ನಡುವಿನ ಅಂತರವೂ ಸಮನಾಗಿತ್ತು. ಇವರು ಗುರುತು ಹಾಕಿ ಕಳಿಸಿದರು. ಕೆಲವು ದಿನಗಳ ಮೇಲೆ ಆ ಸಂಶೋಧಕರ ತಂಡದಿಂದ ಉತ್ತರ ಬಂತು: ಇದು ಕುತೂಹಲಕರವಾಗಿದೆ, ಗ್ರಹವಿರಬಹುದು, ದೂರದರ್ಶಕ ಅದೇ ಕಡೆ ಮತ್ತೆ ತಿರುಗಲಿದೆ, ಹೊಸ ಮಾಹಿತಿ ಬಂದ ಮೇಲೆ ನೋಡೋಣ. ಇವರು ಅದನ್ನು ನನಗೆ ಮೂರು ಸಲ ಓದಿ ಹೇಳಿದರು. "ಇರಬಹುದು" ಎಂಬ ಮಾತನ್ನು ಮಾತ್ರ ಮೂರು ಸಲವೂ ಮೆಲ್ಲಗೆ ಓದಿದರು.

ಊರಿನ ಕಿವಿಗೆ "ಇರಬಹುದು" ಬೀಳಲೇ ಇಲ್ಲ. ರಾಯಚೂರಿನ ವಿಜ್ಞಾನ ಶಿಕ್ಷಕರ ಬಳಗದ ಕಾರ್ಯದರ್ಶಿ ನಿಂಗರಾಜ ಎಂಬವರು ಫೋನ್ ಮಾಡಿ, ದಂಪತಿ ಸಮೇತ ಸನ್ಮಾನ ಎಂದು ದಿನ ಗೊತ್ತು ಮಾಡಿದರು. ಅವರು ಶಾಲು ಹೊದಿಸದೆ ಬಿಟ್ಟವರು ಜಿಲ್ಲೆಯಲ್ಲಿ ಕಡಿಮೆ. ವರ್ಗವಾಗಿ ಬಂದವರಿಗೂ ಹೋದವರಿಗೂ ಶಾಲು. ಅತ್ತೆಯವರನ್ನು ದೇವದುರ್ಗದಿಂದ ಕರೆಸಿಕೊಂಡೆವು. ಅವರು ಬರುವ ಮೊದಲೇ ಅಲ್ಲಿ, "ನನ್ನ ಮಗ ದೂರದರ್ಶನದಾಗ ಬರತಾನ" ಎಂದು ಸಾರಿಬಿಟ್ಟಿದ್ದರು. ದೂರದರ್ಶಕ ಬೇರೆ, ದೂರದರ್ಶನ ಬೇರೆ ಎಂದು ಇವರು ತಿಳಿಸಿ ಹೇಳಿದರೆ, "ಯಾವುದರಾಗರ ಬಾ ತಮ್ಮಾ, ಬಂದ್ರ ಸಾಕು," ಎಂದರು.

ಸನ್ಮಾನ ಭಾನುವಾರ. ಶುಕ್ರವಾರ ಸಂಜೆ ಇವರು ನನ್ನ ಬದನೆಕಾಯಿ ಪಲ್ಯ ಹೊಗಳಿದರು. "ಭಾಳ ಚೊಲೊ ಆಗ್ಯಾದ ಲಲಿತಾ." ಸಂಸಾರ ಶುರುವಾದಾಗಿನಿಂದ ಇವರು ಪಲ್ಯ ಹೊಗಳಿದ್ದಿಲ್ಲ. ಏನೋ ಆಗಿದೆ ಎಂದು ನನಗೆ ಗೊತ್ತಾಯಿತು.

"ಏನಾತ್ರಿ?" ಎಂದೆ.

ಇವರು ಎದ್ದು ಹೋಗಿ ಲ್ಯಾಪ್‌ಟಾಪ್ ತೆರೆದರು. ಹೊಸ ಮಾಹಿತಿ ಬಂದಿತ್ತು. ಮೊದಲಿನ ಗೆರೆಯಲ್ಲಿ ಗದ್ದಲ ಹೆಚ್ಚಿದ್ದು ಎಲ್ಲ ತಗ್ಗೂ ಒಂದೇ ಥರ ಕಂಡಿದ್ದವು. ಇದರಲ್ಲಿ ಗೆರೆ ನಿಚ್ಚಳವಾಗಿತ್ತು. "ನೋಡು. ಇದು ಆಳ. ಮುಂದಿಂದು ಮ್ಯಾಲದ. ಮತ್ತ ಆಳ. ಮತ್ತ ಮ್ಯಾಲ. ಗ್ರಹ ಆಗಿದ್ರ ಎಲ್ಲಾ ತಗ್ಗೂ ಒಂದ ಸಮ ಇರಬೇಕಿತ್ತು."

"ಹಂಗಾದ್ರ ಏನದು?"

"ಎರಡು ಚುಕ್ಕಿ. ಒಂದಕ್ಕೊಂದು ಸುತ್ತ ಹಾಕಾಕತ್ತಾವ. ಒಮ್ಮಿ ಇದು ಅದನ್ನ ಮುಚ್ಚತದ, ಒಮ್ಮಿ ಅದು ಇದನ್ನ. ಎರಡೂ ಒಂದ ಸಮ ಹೊಳೆಯಂಗಿಲ್ಲ, ಅದಕ್ಕ ಒಂದು ತಗ್ಗು ಆಳ, ಒಂದು ಮ್ಯಾಲ. ಗ್ರಹ ಇಲ್ಲ ಲಲಿತಾ."

ಗ್ರಹವಿಲ್ಲ ಎಂದರೆ ಪ್ರಬಂಧವಿಲ್ಲ, ಪ್ರಬಂಧವಿಲ್ಲ ಎಂದರೆ ಹೆಸರಿಲ್ಲ. ಇದನ್ನು ಇವರು ಹೇಳಲಿಲ್ಲ, ನಾನೇ ಕೂಡಿಸಿಕೊಂಡೆ. ಆ ತಂಡದವರಿಗೆ ಗೊತ್ತಾಗಿದೆಯೇ ಎಂದು ಕೇಳಿದೆ. ಇನ್ನೂ ನೋಡಿದಂತಿಲ್ಲ, ಮುಂದೆ ಯಾವಾಗಲೋ ನೋಡುತ್ತಾರೆ ಎಂದರು.

"ಹಂಗಾದ್ರ ಸೋಮವಾರ ತಿಳಸ್ರಿ," ಎಂದೆ. "ಭಾನುವಾರ ಶಾಲು ಹಾಕಿಸ್ಕೊಂಡು ಬರೋಣ. ಯಾರಿಗೇನು ಲುಕ್ಸಾನು ಅದ?"

ಇವರು ನನ್ನ ಮುಖ ನೋಡಿದರು. "ಪ್ರಯೋಗ ಮಾಡಲಾರದ ಪುಸ್ತಕದಾಗಿನ ಉತ್ತರ ಬರೆದ ಹುಡುಗರಿಗೆ ನಾನು ಸೊನ್ನಿ ಹಾಕೀನಿ. ಎಷ್ಟು ಮಂದಿಗೆ ಹಾಕೀನೋ ಲೆಕ್ಕಿಲ್ಲ." ಅಷ್ಟು ಹೇಳಿ ನನ್ನ ಎದುರೇ ತಂಡಕ್ಕೆ ಬರೆದು ಕಳಿಸಿದರು. ಆಮೇಲೆ ನಿಂಗರಾಜರಿಗೆ ಫೋನ್ ಹಚ್ಚಿ ಸನ್ಮಾನ ಬೇಡ ಎಂದರು.

ನಿಂಗರಾಜರ ದನಿ ಫೋನಿನಿಂದ ಹೊರಗೂ ಕೇಳುತ್ತಿತ್ತು. "ಏನ್ ಹೇಳ್ತೀರಿ ಸರ, ಹಾಲ್ ಬುಕ್ ಆಗ್ಯಾದ, ಫ್ಲೆಕ್ಸ್ ಪ್ರಿಂಟ್ ಆಗ್ಯಾದ, ಮಂದಿಗೆ ಉಪ್ಪಿಟ್ಟು-ಶಿರಾ ಹೇಳೀವಿ. ಗ್ರಹ ಹೋದ್ರ ಹೋಗ್ಲಿ, ನೀವು ಬರ್ರಿ. ಆದ್ರ ಅಲ್ಲಿ ಈ ವಿಷಯ ತಗೀಬ್ಯಾಡ್ರಿ. ಇದ್ದದ್ದು ಇದ್ದಂಗ ಹೇಳಿದ್ರ ಎದ್ದು ಬಂದು ಎದಿಗೆ ಒದ್ದಿದ್ರಂತ. ಕೇಳಿಲ್ಲೇನ್ರಿ?"

ಇವರ ಕೈಗೆ ಮೈಕು ಕೊಟ್ಟು ಸುಮ್ಮನಿರಿ ಎನ್ನುವುದೂ ಒಂದೇ, ಹಸಿದ ಎಮ್ಮೆಯನ್ನು ಭತ್ತದ ಗದ್ದೆಯಲ್ಲಿ ಬಿಟ್ಟು ಮೇಯಬೇಡ ಎನ್ನುವುದೂ ಒಂದೇ. ನಿಂಗರಾಜರಿಗೆ ಇದು ತಿಳಿದಿರಲಿಲ್ಲ. ನನಗೆ ತಿಳಿದಿತ್ತು.

ಭಾನುವಾರ ಇನಾಯತ್‌ನ ಕ್ರೂಸರಿನಲ್ಲಿ ರಾಯಚೂರಿಗೆ ಹೊರಟೆವು. ಅತ್ತೆ ಇಳಕಲ್ ಸೀರೆ ಉಟ್ಟು ಕಿಟಕಿಯ ಪಕ್ಕ ಕುಳಿತರು. ದಾರಿಯುದ್ದಕ್ಕೂ ಇನಾಯತ್ ತನ್ನ ತಗ್ಗುಗಳನ್ನು ಹೆಸರು ಹಿಡಿದು ಪರಿಚಯ ಮಾಡಿಸುತ್ತ ಬಂದ. ಸಿರವಾರದ ಹುಡುಗರು, ಇವರ ಹಳೆಯ ಶಿಷ್ಯರು, ಬೇರೆ ಗಾಡಿಯಲ್ಲಿ ಬಂದು ಸೇರಿದ್ದರು.

ಸಭಾಂಗಣದಲ್ಲಿ ವೇದಿಕೆಯ ಹಿಂದೆ ಗೋಡೆಯಗಲದ ಫ್ಲೆಕ್ಸು. "ನೂತನ ಗ್ರಹ ಶೋಧಕರು" ಎಂದು ದೊಡ್ಡದಾಗಿ ಬರೆದು ಕೆಳಗೆ ಇವರ ಹೆಸರು ಹಾಕಿದ್ದರು. ಗ್ರಹ ಸುಳ್ಳೆಂದು ನನಗೆ ಮೊದಲೇ ಗೊತ್ತಿತ್ತು. ನೋಡಿದರೆ ಹೆಸರೂ ಸುಳ್ಳು. ಕೊನೆಯ ಅಕ್ಷರ ಬೇರೆಯದೇ ಬಿದ್ದಿತ್ತು. ಇವರು ಒಂದು ಕ್ಷಣ ಅದನ್ನೇ ನೋಡಿ ತಲೆ ತಗ್ಗಿಸಿದರು. ನನಗೆ ಆ ಫ್ಲೆಕ್ಸು ಹರಿದು ಹಾಕುವಷ್ಟು ಸಿಟ್ಟು ಬಂತು. ಓದಲು ಬಾರದ ಅತ್ತೆ, "ಏನ್ ಬರದಾರ?" ಎಂದು ಕೇಳಿದರು. "ನಿಮ್ಮ ಮಗನ ಹೆಸರು ತಪ್ಪು ಬರದಾರ ಅತ್ತಿ," ಎಂದೆ. ಅವರು ಸೆರಗು ಸರಿ ಮಾಡಿಕೊಂಡು ಮುಂದಿನ ಸಾಲಿನಲ್ಲಿ ಕುಳಿತರು.

ನಮ್ಮಿಬ್ಬರನ್ನೂ ಮೇಲೆ ಕರೆದು ಕುರ್ಚಿಯಲ್ಲಿ ಕೂರಿಸಿದರು. ನಿಂಗರಾಜರು ಶಾಲು ಬಿಡಿಸಿ ಹಿಡಿದು, ಮೊದಲು ಎರಡು ಮಾತು ಎಂದು ಮೈಕು ಇವರ ಕೈಗಿತ್ತರು. "ಎರಡೇ" ಎಂದು ಕಣ್ಣಿನಲ್ಲೂ ಹೇಳಿದರು.

ಇವರು ಎದ್ದು ನಿಂತರು. "ಎಲ್ಲರಿಗೂ ನಮಸ್ಕಾರ. ಈ ಫ್ಲೆಕ್ಸಿನಾಗ ಬರದದ್ದು ಖರೆ ಅಲ್ಲ. ನಾನು ಗ್ರಹ ಹುಡುಕಿಲ್ಲ. ಗ್ರಹ ಅಂತ ತಿಳಕೊಂಡಿದ್ದೆ. ಹೊಸಾ ಮಾಹಿತಿ ಬಂದಮ್ಯಾಲ ನೋಡಿದ್ರ ಅವು ಎರಡು ಚುಕ್ಕಿ, ಒಂದನ್ನೊಂದು ಮುಚ್ಚಾಕತ್ತಾವ. ಅವರಿಗೂ ಬರದು ತಿಳಿಸೀನಿ. ನಿಮಗೂ ಹೇಳಬೇಕಾಗಿತ್ತು."

ನಿಂಗರಾಜರು ಶಾಲು ಹಿಡಿದ ಕೈ ಹಾಗೇ ಇಟ್ಟುಕೊಂಡು, ಹೊದಿಸಬೇಕೋ ಮಡಿಚಬೇಕೋ ತಿಳಿಯದೆ ನಿಂತಿದ್ದರು. ಹಿಂದಿನಿಂದ ಇನಾಯತ್ ಕೈ ಎತ್ತಿದ. "ಸರ, ತಗ್ಗು ಇದ್ದದ್ದಂತೂ ಖರೆ ಅಲ್ರಿ?"

"ತಗ್ಗು ಖರೆ," ಎಂದರು ಇವರು.

ಯಾರೋ ಕಿಸಕ್ಕೆಂದು ನಕ್ಕರು. ಇವರ ಕಿವಿ ಕೆಂಪಾದವು. ಮದುವೆಯ ದಿನ ಅಂಗಳದಲ್ಲಿ ನಿಂತಿದ್ದಾಗ ಆದ ಹಾಗೆಯೇ. ಆಗ ಮುಂದಿನ ಸಾಲಿನಿಂದ ಅತ್ತೆ ಎದ್ದು ನಿಂತರು.

"ಏ ಲಲಿತಾ," ಎಂದರು, ಮೈಕಿನ ಹಂಗಿಲ್ಲದ ದನಿಯಲ್ಲಿ. "ಅವನ ಹೆಸರು ತಪ್ಪು ಬರದಾರಂದಿ. ಖರೆ ಹೆಸರು ಏನದ, ಹೇಳು. ಒಡಪು ಹಾಕಿ ಹೇಳು."

ಆಯುಷ್ಯದ ಹೆದರಿಕೆ ಹಾಕಿದ್ದ ಬಾಯಿಯೇ ಹೀಗೆ ಅಪ್ಪಣೆ ಕೊಟ್ಟಿತು. ಹೆಂಗಸರ ಸಾಲೂ ಹುರುಪುಗೊಂಡು, "ಹೇಳ್ರಿ ಅಕ್ಕಾರ, ಒಡಪು ಹೇಳ್ರಿ," ಎಂದು ಗಲಾಟೆ ಎಬ್ಬಿಸಿತು. ನಾನು ಎದ್ದೆ. ಎರವಲು ಒಡಪು ಯಾವುದೂ ನೆನಪಿಗೆ ಬರಲಿಲ್ಲ, ಬಂದಿದ್ದರೂ ಹೇಳುತ್ತಿರಲಿಲ್ಲ. ಇವರ ಕೈಯಿಂದ ಮೈಕು ತೆಗೆದುಕೊಂಡೆ.

"ಮುಗಿಲಾಗ ಜೋಡಿ ಚುಕ್ಕಿ, ಒಂದರ ಮ್ಯಾಲ ಒಂದರ ಛಾಯ,
ಇದ್ದದ್ದು ಇದ್ದಂಗ ಹೇಳಿದವರು ನಮ್ಮ ಕನಕರಾಯ."

ಚಪ್ಪಾಳೆ ಹೆಂಗಸರ ಕಡೆಯಿಂದ ಶುರುವಾಗಿ ಸಭಾಂಗಣ ತುಂಬಿತು. ನಿಂಗರಾಜರಿಗೂ ಜೀವ ಬಂದು ಶಾಲು ಹೊದಿಸಿದರು. ಗಡಿಬಿಡಿಯಲ್ಲಿ ಅರ್ಧ ನನ್ನ ಹೆಗಲ ಮೇಲೂ ಬಿತ್ತು. ಇವರು ತಲೆ ಎತ್ತಲಿಲ್ಲ, ಕನ್ನಡಕ ತೆಗೆದು ಒರೆಸುತ್ತ ನಿಂತರು. ಆಮೇಲೆ ಎಲ್ಲರೂ ಉಪ್ಪಿಟ್ಟು-ಶಿರಾ ತಿಂದೆವು.

ಬಿಸಿಲು ಇಳಿಯುವ ಮೊದಲೇ ಮಾನ್ವಿಯ ಕಡೆ ಹೊರಟೆವು. ಅತ್ತೆ ಮತ್ತೆ ಕಿಟಕಿ ಹಿಡಿದು ಕುಳಿತರು. ಸ್ವಲ್ಪ ದೂರ ಬಂದ ಮೇಲೆ ಇವರು ಮೆಲ್ಲಗೆ, "ಛಾಯ ಅಲ್ಲ ಅದು. ಗ್ರಹಣ ಅನ್ನಬೇಕಿತ್ತು," ಎಂದರು.

"ಗ್ರಹಣಕ್ಕ ಪ್ರಾಸ ನೀವೇ ಹುಡುಕ್ರಿ," ಎಂದೆ.

ಇನ್ನಷ್ಟು ದಾರಿ ಸವೆಯಿತು. ಇವರು ಶಾಲನ್ನು ಮಡಿಚಿ ತೊಡೆಯ ಮೇಲೆ ಇಟ್ಟುಕೊಂಡು, ಅದರ ಅಂಚು ಸವರುತ್ತ, "ಆದ್ರೂ ಒಂದು ಮಾತು ಲಲಿತಾ," ಎಂದರು. "ಒಮ್ಮಿ ಬಂದದ್ದನ್ನ ನಂಬಾಕ ಬರಂಗಿಲ್ಲ."

"ಯಾವುದನ್ನ?"

"ಒಮ್ಮಿ ಬಂದದ್ದು ಗದ್ದಲ ಇರಬಹುದು. ಎರಡನೇ ಸಲ ಬಂದ್ರನ ಖರೆ."

ನಾನು ಅತ್ತೆಯ ಕಡೆ ನೋಡಿದೆ. ಅವರು ಕಣ್ಣು ಮುಚ್ಚಿದ್ದರು. ಆ ರಸ್ತೆಯಲ್ಲಿ, ಆ ಗಾಡಿಯಲ್ಲಿ ನಿದ್ದೆ ಮಾಡುವುದು ಯಾರಿಂದಲೂ ಆಗದ ಮಾತು.

"ಕನಕರಾಯ," ಎಂದೆ. ಈ ಸಲ ಪ್ರಾಸ ಇರಲಿಲ್ಲ.

"ಏನಂದ್ರಿ ಅಕ್ಕಾ?" ಎಂದು ಇನಾಯತ್ ಮುಂದಿನಿಂದ ಕೇಳಿದ.

"ಏನಿಲ್ಲಪ್ಪ," ಎಂದೆ. "ಮುಂದ ತಗ್ಗು ಅದ, ನೋಡಿ ಹೊಡಿ."